ಲೀಸ್‌ನ ಮೋಟುಗೋಡೆಯ ಪಾಠ

ಪ್ಯಾರಿಸ್ಸಿಗೆ ಹೋದವರೆಲ್ಲ ಐಫೆಲ್ ಗೋಪುರ ನೋಡಿ ಬರುತ್ತಾರೆ. ನಾನೂ ನೋಡಿದೆ, ಅದರ ವರ್ಣನೆ ಇಲ್ಲಿ ಬೇಡ. ನಮ್ಮ ಹುಡುಗ ಹುಡುಗಿಯರಿಗೆ ಹೇಳಬೇಕೆಂದಿರುವುದು ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ದೂರದ ಲೀಸ್ ಎಂಬ ಪುಟ್ಟ ಊರಿನ ವಿಷಯ. ಅಲ್ಲಿಗೆ ಹೋಗಲು ಕಾರಣ ನನ್ನ ತಂಗಿಯ ಮಗ. ವಿಡಿಯೋ ನೋಡಿ ‘ಪಾರ್ಕೂರ್’ ಕಲಿತು, ಡೊಂಬಿವಿಲಿಯ ನಮ್ಮ ಕಟ್ಟಡದ ಕಾಂಪೌಂಡ್ ಗೋಡೆಯಿಂದ ಹಾರಿ ಮಣಿಕಟ್ಟು ಮುರಿದುಕೊಂಡಿದ್ದ.

ರೈಲಿನಲ್ಲಿ ಎವ್ರಿಗೆ ಹೋಗಿ ಇಳಿದು ನಡೆದೆ. ಕೆರೆಯ ಬಳಿ ‘ದಾಮ್ ದ್ಯು ಲಾಕ್’ ನಿಂತಿದೆ. ನಮ್ಮ ಮಾತಿನಲ್ಲಿ ಕೆರೆಯಮ್ಮ ಎನ್ನೋಣ. ಜನ ಹತ್ತಲೆಂದೇ 1970ರ ದಶಕದಲ್ಲಿ ಶಿಲ್ಪಿ ಪಿಯೆರ್ ಸೆಕೆಲಿ ರೂಪಿಸಿದ ಕಾಂಕ್ರೀಟ್ ಶಿಲ್ಪ ಇದು. ದಾವಿದ್ ಬೆಲ್ ಮತ್ತು ಗೆಳೆಯರು 1980ರ ದಶಕದ ಕೊನೆಯಲ್ಲಿ ಈ ಸುತ್ತಿನ ಗೋಡೆ, ಮೆಟ್ಟಿಲುಗಳಲ್ಲೇ ಪಳಗಿದರು. 1997ರಲ್ಲಿ ತಂಡಕ್ಕಿಟ್ಟ ಹೆಸರು ‘ಯಮಕಾಸಿ’. ಅದು ಫ್ರೆಂಚ್ ಅಲ್ಲ, ಕಾಂಗೋದ ಲಿಂಗಾಲ ಭಾಷೆಯ ಮಾತು: ಗಟ್ಟಿ ಮೈ, ಗಟ್ಟಿ ಮನಸ್ಸು, ಗಟ್ಟಿ ಮನುಷ್ಯ.

ಅಂದು ಮೋಟುಗೋಡೆಯ ಬಳಿ ನಾಲ್ವರು ಹುಡುಗರಿದ್ದರು. ಇಬ್ಬರು ಸ್ಥಳೀಯರು, ಇಬ್ಬರು ಬೇರೆ ದೇಶದವರು. ಒಬ್ಬರ ಮಾತು ಒಬ್ಬರಿಗೆ ಅರೆಬರೆ. ಮಾತು ಪೂರ್ತಿ ತಿಳಿದರೂ ಅಪಾಯವೇ ಎನ್ನಿ! ಫ್ರೆಂಚರ ‘ಬೆಕ್ಕಿನ ನೆಗೆತ’ವೆಂದರೆ ಗೋಡೆಗೆ ಎರಡೂ ಕೈ ಊರಿ, ಕಾಲುಗಳನ್ನು ಕೈಗಳ ನಡುವೆ ತೂರಿಸಿ ದಾಟುವುದು. ಇಂಗ್ಲಿಷಿನವರಿಗೆ ಅದೇ ಹೆಸರೆಂದರೆ, ಎದುರು ಗೋಡೆಗೆ ಹಾರಿ, ಅಂಚು ಹಿಡಿದು ನೇತುಕೊಳ್ಳುವುದು. ಹೆಸರು ನಂಬಿ ಹಾರಿದರೆ ಹಲ್ಲು ಉಳಿಯುವುದಿಲ್ಲ.

ನಾನು ಮಣಿಕಟ್ಟು ತೋರಿಸಿ, ಮುರಿದಂತೆ ಸನ್ನೆ ಮಾಡಿದೆ. ಅವರಲ್ಲೊಬ್ಬ ನಕ್ಕು, ಕಣ್ಣು ಮುಚ್ಚಿಕೊಳ್ಳಲು ಸನ್ನೆ ಮಾಡಿ, ಗೋಡೆಯಿಂದ ಹಾರಿದ. ನನಗೆ ಏನೂ ಕೇಳಿಸಲಿಲ್ಲ. ಮತ್ತೊಮ್ಮೆ ಬೇಕೆಂದೇ ‘ಧಪ್’ ಎಂದು ಹಾರಿ, ತಪ್ಪೆಂದು ಬೆರಳಾಡಿಸಿದ. ಆಮೇಲೆ ನಿಧಾನವಾಗಿ ತೋರಿಸಿದ: ಮುಂಗಾಲ ಮೇಲೆ ಇಳಿಯಬೇಕು, ಮಂಡಿ ಬಾಗಬೇಕು, ಎತ್ತರ ಹೆಚ್ಚಿದ್ದರೆ ಒಂದು ಭುಜದಿಂದ ಎದುರು ಸೊಂಟಕ್ಕೆ ಓರೆಯಾಗಿ ಉರುಳಬೇಕು, ಬೆನ್ನುಮೂಳೆಯ ಮೇಲಲ್ಲ. ವಿಡಿಯೋಗಳಲ್ಲಿ ಹುಡುಗ ಕಂಡದ್ದು ಹಾರುವುದನ್ನು ಮಾತ್ರ.

ಊರಿಗೆ ಬಂದು ಅವನಿಗೆ ಕನ್ನಡದಲ್ಲೇ ಹೇಳಿದೆ: “ಸದ್ದಿಲ್ಲದೆ ಇಳಿ.” ಪ್ಲಾಸ್ಟರ್ ತೆಗೆದು ಎರಡು ತಿಂಗಳಾಗಿತ್ತು. ಅವನು ಅದನ್ನೇ ಗೆಳೆಯರಿಗೆ ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿ, ಎರಡೇ ಮೆಟ್ಟಿಲ ಮೇಲಿಂದ ಹಾರಿ ತೋರಿಸಿದ.

ಒಳಗಿನಿಂದ ಅಮ್ಮನ ದನಿ: “ಯಾರೋ ಅದು, ಧಪ್ ಅಂತ ಬಿದ್ದದ್ದು?”

“ಯಾರೂ ಇಲ್ಲ ಅಜ್ಜಿ,” ಎಂದು ಹುಡುಗ ಮತ್ತೆ ಮೆಟ್ಟಿಲು ಹತ್ತಿದ.