ಗಾಲಿಯ ಗೋಳು

ನಮ್ಮ ತಿಪಟೂರು ಸೀಮೆಯಲ್ಲಿ ಕಿವಿಯೇ ತಕ್ಕಡಿ. ಬಲಿತ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹಾಕಿ 10, 11 ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅದು ಪಕ್ವವಾಯಿತೋ ಇಲ್ಲವೋ ಎಂದು ಒಡೆದು ನೋಡುವವರಿಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಗೃಹಸ್ಥನಿಗೆ ಸಂತೋಷ. ಅಂತಹ ಸದ್ದು ಗಾಲಿಯಲ್ಲಿ ಕೇಳಿಬಂದರೆ ಏನು ಮಾಡತಕ್ಕದ್ದೆಂಬುದನ್ನು ನಾನು ಕಳೆದ ಬೇಸಗೆಯಲ್ಲಿ ಕಲಿತೆನು. ಕಲಿಸಿದವರು ಒಂದು ದಿನವೂ ಮೋಟಾರು ನಡೆಸದ ನಮ್ಮ ತಂದೆಯವರು.

ನನ್ನಲ್ಲಿ ಒಂದು ಹಳೆಯ ಡಾಲ್ಫಿನ್ ಕಾರುಂಟು. ಈಗಿನ ಮಕ್ಕಳು ಅದರ ಹೆಸರನ್ನೂ ಕೇಳಿರಲಾರರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯಲ್ಲಿ ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಅದನ್ನು ಹೊರತಂದರು. ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು, ಬಾಗಿಲು ಎರಡೇ, ಎಂಜಿನು 848 ಸಿ.ಸಿ.; ಓಡುವುದು ಹಿಂದಿನ ಗಾಲಿಗಳ ಬಲದಿಂದ. ಹಗುರವಾದ ಕಾರಾದ್ದರಿಂದ ಆ ದಶಕದ ರ‍್ಯಾಲಿ ಪಂದ್ಯಗಳಲ್ಲಿ ಅದು ಹೆಸರು ಗಳಿಸಿತ್ತು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಅದರ ದೆಸೆ ಇಳಿಯಿತು. ಪಂದ್ಯದ ಹುಚ್ಚಿನಿಂದ ನಾನು ಕೊಂಡ ಆ ಕಾರು ಕಡೆಗೆ ಓಡಿದ್ದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಡುವೆ. ಒಂದೊಂದು ಸಲ ಹಿಂದಿನ ಸೀಟಿನಲ್ಲಿ ಕಾಯಿಯ ಚೀಲವನ್ನೂ ಹೊತ್ತುಕೊಂಡು.

ಶಿವರಾತ್ರಿಯ ಹೊತ್ತಿಗೆ ಹಿಂದುಗಡೆಯಿಂದ ಗೊರಗೊರ ಎಂಬ ಸದ್ದು ಹುಟ್ಟಿತು. ಒಬ್ಬ ಮೆಕ್ಯಾನಿಕ್ಕನು, ಟಯರು ಸವೆದಿದೆ ಎಂದನು. ಖರ್ಚಿಲ್ಲದ ಮಾತನ್ನು ನಂಬುವುದು ಸುಲಭ, ನಾನು ನಂಬಿದೆನು. ಎರಡು ತಿಂಗಳು ಕಳೆಯಿತು. ಅಷ್ಟರಲ್ಲಿ ತುರುವೇಕೆರೆಯಲ್ಲಿರುವ ನಮ್ಮ ಸೋದರತ್ತೆಯವರು ಹಾಸಿಗೆ ಹಿಡಿದಿದ್ದಾರೆಂದು ಸುದ್ದಿ ಬಂತು. ತಂದೆಯವರಿಗೆ 84 ವರ್ಷ, ಬಸ್ಸು ಹತ್ತಲಾರರು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆನು.

ನೊಣವಿನಕೆರೆಯ ಬಳಿಗೆ ಬಂದಾಗ ಅವರು, “ನಿಲ್ಲಿಸು. ಹಿಂದಿನ ಎಡಗಾಲಿ ಅಳುತ್ತಿದೆ” ಎಂದರು.

“ಅದು ಟಯರಿನ ಸದ್ದು, ಅಪ್ಪಾ.”

“ಬಲಕ್ಕೆ ತಿರುಗಿದಾಗೆಲ್ಲ ಏರುತ್ತದೆ, ಎಡಕ್ಕೆ ತಿರುಗಿದಾಗ ತಗ್ಗುತ್ತದೆ. ಬಲಕ್ಕೆ ತಿರುಗಿದರೆ ಭಾರ ಬೀಳುವುದು ಎಡಕ್ಕೆ. ಭಾರ ಹೊತ್ತಾಗ ಅಳುವುದು ನೊಂದ ಗಾಲಿಯಲ್ಲದೆ ಮತ್ತಾವುದು?”

ಆಮೇಲೆ ಅವರು ಅದುವರೆಗೆ ನನಗೆ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದರು. ಅವರ 18ನೆಯ ವಯಸ್ಸಿನಲ್ಲಿ ಕೊಬ್ಬರಿ ಹೇರಿದ ಗಾಡಿಯನ್ನು ಇದೇ ದಾರಿಯಲ್ಲಿ ತಿಪಟೂರಿಗೆ ಹೊಡೆಯುತ್ತಿದ್ದರಂತೆ. ಕಡಾಣಿ ಸವೆದಿದೆ, ಬದಲಿಸಿಕೊಂಡು ಹೊರಡು ಎಂದು ನಮ್ಮ ತಾತನವರು ಹೇಳಿದ್ದರಂತೆ. ಇವರು, ನಾಳೆ ನೋಡೋಣ ಎಂದರು. ನಡುರಾತ್ರಿಯಲ್ಲಿ ಗಾಲಿ ಅಚ್ಚಿನಿಂದ ಕಳಚಿ, ಗಾಡಿ ವಾಲಿ, ಹಳ್ಳಿಕಾರ್ ಜೋಡಿಯಲ್ಲಿ ಒಂದು ಎತ್ತಿನ ಕಾಲು ಮುರಿಯಿತು. ಆ ಎತ್ತಿನ ಹೆಸರನ್ನು ಹೇಳಹೋಗಿ ಅವರು ಸುಮ್ಮನಾದರು. ನಾನು ಕಾರನ್ನು ಹಿಂದಕ್ಕೆ ತಿರುಗಿಸಿ, ಕಾಲ್ನಡಿಗೆಯ ವೇಗದಲ್ಲಿ ಮನೆಗೆ ಬಂದೆನು.

ಮರುದಿನ ಮುಂದಿನ ಗಾಲಿಗಳಿಗೆ ಕಲ್ಲು ಒಡ್ಡಿ, ನಟ್ಟುಗಳನ್ನು ಮೊದಲೇ ಸಡಿಲಿಸಿ, ಜಾಕಿನಿಂದ ಹಿಂಭಾಗವನ್ನು ಎತ್ತಿ, ಅಚ್ಚಿನ ಕೆಳಗೆ ಹಲಸಿನ ದಿಮ್ಮಿಯನ್ನು ಕೊಟ್ಟೆನು. ಜಾಕೊಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕತಕ್ಕದ್ದಲ್ಲ. ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಕಟಕಟ ಎಂದಿತು. ಬ್ರೇಕಿನ ಡ್ರಮ್ಮನ್ನು ತೆಗೆದಾಗ ನನ್ನ ಎದೆ ಧಸಕ್ಕೆಂದಿತು. ಬೇರಿಂಗು ಸವೆದು ಅಚ್ಚು ಅಲುಗಿದ್ದರಿಂದ ಆಯಿಲ್ ಸೀಲು ಹರಿದು, ಒಳಗಿನ ಎಣ್ಣೆ ಬ್ರೇಕಿನ ಮೇಲೆ ಸುರಿದಿತ್ತು. ಎರಡು ತಿಂಗಳಿಂದ ಮಡದಿ ಮಕ್ಕಳನ್ನು ನಾನು ಕೂರಿಸಿಕೊಂಡು ಓಡಾಡಿದ್ದು ಇದೇ ಗಾಲಿಯ ಮೇಲೆ!

ಅಚ್ಚನ್ನು ಹೊರಕ್ಕೆಳೆದು ಬೇರಿಂಗನ್ನು ಬಿಡಿಸಿ ತಂದೆಯವರ ಕೈಗೆ ಕೊಟ್ಟೆನು. ಎರಡು ಉಕ್ಕಿನ ಬಳೆಗಳು, ನಡುವೆ ಗುಂಡುಗಳು; ಉಜ್ಜುವ ಕಡೆ ಉರುಳುವಂತೆ ಮಾಡುವುದೇ ಅದರ ಗುಟ್ಟು. ಗುಂಡು ಉರುಳುವ ಹಾದಿ ನುಣುಪು ಕಳೆದುಕೊಂಡು, ಮುಳ್ಳು ಹೊಡೆದ ಬೀಸುವ ಕಲ್ಲಿನಂತಾಗಿತ್ತು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಎಂಬಾತನು ಇಂತಹ ಗುಂಡುಗಳಿಗೆ ಪೇಟೆಂಟು ಪಡೆದದ್ದು ಕುದುರೆಗಾಡಿಯ ಅಚ್ಚಿಗಾಗಿ ಎಂದು ನಾನು ಹೇಳಿದಾಗ, “ಹಾಗಾದರೆ ಇದೂ ನಮ್ಮ ಗಾಡಿಯದೇ. ನಾವು ಕೀಲೆಣ್ಣೆ ಹಾಕುತ್ತಿದ್ದೆವು, ಅವರು ಗುಂಡು ಹಾಕಿದರು” ಎಂದು ನಕ್ಕರು.

ಈ ಕಾರಿನ ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುವುದು ದುರ್ಲಭ. ಆದರೆ ಬೇರಿಂಗು ಕಾರಿನ ಹೆಸರನ್ನು ಕೇಳುವುದಿಲ್ಲ. ಬಳೆಯ ಅಂಚಿನಲ್ಲಿರುವ ಅಂಕೆಯೇ ಅದರ ಕುಲಗೋತ್ರ. ಸಾಮಾನ್ಯವಾದ ಮಿಲಿಮೀಟರ್ ಬೇರಿಂಗುಗಳಲ್ಲಿ ಕೊನೆಯ ಎರಡು ಅಂಕೆ 04 ಅಥವಾ ಹೆಚ್ಚಾಗಿದ್ದರೆ, ಅದನ್ನು 5ರಿಂದ ಗುಣಿಸಿದಾಗ ಒಳಬಾಯಿಯ ಅಳತೆ ಬರುತ್ತದೆ; 06 ಎಂದರೆ 30 ಮಿಲಿಮೀಟರು. ಅಂಕೆ, ಅಳತೆಗಳೆರಡನ್ನೂ ನೋಡಿ ಅಂಗಡಿಯವರು ಸರಿಜೋಡಿಯನ್ನು ಹುಡುಕಿಕೊಟ್ಟರು.

ತೆರೆದ ಬಗೆಯ ಬೇರಿಂಗಾದ್ದರಿಂದ ಅದನ್ನು ಎಣ್ಣೆಯಲ್ಲಿ ಹದವಾಗಿ ಕಾಯಿಸಿದರೆ ಹಿಗ್ಗಿ, ಅಚ್ಚಿನ ಮೇಲೆ ತಾನಾಗಿ ಜಾರುತ್ತದೆ. ಆರಿದ ಮೇಲೆ ಬಿಗಿಯಾಗಿ ಹಿಡಿಯುತ್ತದೆ. ಈ ಕಾರ್ಯಕ್ಕೆ ನನ್ನ ಮಡದಿ ಬಾಣಲೆಯನ್ನು ಕೊಡದೆ ಒಂದು ಹಳೆಯ ಡಬ್ಬಿಯನ್ನು ಕೊಟ್ಟಳು. ಅವಸರದಲ್ಲಿ ನಾನು ಹೊರಬಳೆಗೆ ಸುತ್ತಿಗೆ ಎತ್ತಿದ್ದೆನು. ತಂದೆಯವರು ಕೈ ಹಿಡಿದರು. ಕೂರಬೇಕಾದದ್ದು ಒಳಬಳೆ, ಪೆಟ್ಟು ಬೇಕಾದರೆ ಕೊಳವೆಯಿಟ್ಟು ಅದಕ್ಕೇ ಕೊಡತಕ್ಕದ್ದು. ಹೊರಬಳೆಗೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹೋಗಿ ಹಾದಿಯನ್ನು ಕುಳಿ ಮಾಡುತ್ತದೆ. ಹೊಸ ಬೇರಿಂಗು ಓಡುವ ಮೊದಲೇ ಹಳತಾಗುತ್ತದೆ. ಹೊಸ ಸೀಲನ್ನೂ ಎರಡು ಗಾಲಿಗಳಿಗೂ ಹೊಸ ಬ್ರೇಕ್ ಶೂಗಳನ್ನೂ ಹಾಕಿ, ಎಣ್ಣೆ ತುಂಬಿ, ಎರಡನೆಯ ದಿನ ಸಂಜೆ ಕೆಲಸ ಮುಗಿಸಿದೆನು. ತಂದೆಯವರು ಗಾಲಿಯನ್ನು ಕೈಯಿಂದ ತಿರುಗಿಸಿ, ಕಾಯಿಗೆ ಕಿವಿಗೊಡುವಂತೆ ಕಿವಿಗೊಟ್ಟು, “ಸುಮ್ಮನಿದೆ” ಎಂದರು.

ಮರುದಿನ ನೊಣವಿನಕೆರೆಯ ಬಳಿ ಮತ್ತೆ ನಿಲ್ಲಿಸಲು ಹೇಳಿದರು. ಇಳಿದು ಎರಡು ಹಿಂಗಾಲಿಗಳ ನಡುವನ್ನೂ ಮುಟ್ಟಿ ನೋಡಿದರು. ಒಂದರಷ್ಟೇ ಇನ್ನೊಂದು ಬೆಚ್ಚಗಿತ್ತು. ಸ್ವಲ್ಪ ಹೊತ್ತು ರಸ್ತೆಯ ಅಂಚಿನಲ್ಲಿ ನಿಂತಿದ್ದು ಬಂದು ಕುಳಿತರು.

ತುರುವೇಕೆರೆಯಲ್ಲಿ ಅತ್ತೆಯವರು ದಿಂಬಿಗೊರಗಿಕೊಂಡು, “ಯಾಕಪ್ಪಾ ಎರಡು ದಿನ ತಡ?” ಎಂದರು.

“ಗಾಲಿ ನೋಡಿಸಿಕೊಂಡು ಬಂದೆ, ಅಕ್ಕಾ.”

ಅತ್ತೆಯವರು ಮತ್ತೇನೂ ಕೇಳದೆ ತಮ್ಮನ ಕೈಯನ್ನು ಹಿಡಿದುಕೊಂಡರು. ಆ ಎತ್ತಿಗೆ ಹುಲ್ಲು ಹಾಕಿ ಬೆಳೆಸಿದವರು ಅವರೇ ಎಂಬುದು ನನಗೆ ಆಮೇಲೆ ತಿಳಿಯಿತು.