ದೋಣಿಗಳ ಊರು ಅಯುತ್ಥಯ

ಕನ್ನಡದಲ್ಲಿ ಮಾತನಾಡುವಾಗ ಉರ್ದು ಪದ ನುಸುಳಿದರೆ ಎಲ್ಲರೂ ನಗುತ್ತಾರೆ ಎಂಬ ಭಯ ನನಗೆ. ಹಾಗಾಗಿ ವಿದೇಶಿ ವ್ಯಾಪಾರದ ಸೆಮಿನಾರಿಗೆ ಹೆಸರು ಕೊಟ್ಟಿರಲಿಲ್ಲ.

ಒಂದು ದಿನ ಗ್ರಂಥಾಲಯದಲ್ಲಿ ಥಾಯ್ಲೆಂಡಿನ ಅಯುತ್ಥಯ ಪ್ರಾಂತ್ಯದ ಬಗ್ಗೆ ಓದಿದೆ. ಚಾವೊ ಫ್ರಯಾ, ಪಾ ಸಕ್, ಲೋಪ್‌ಬುರಿ ನದಿಗಳು ಸೇರುವ ಜಾಗ ಅದು. ಹಳೆಯ ನಗರದ ಸುತ್ತಲೂ ನೀರು. 14ನೇ ಶತಮಾನದಿಂದ 1767ರಲ್ಲಿ ಬರ್ಮಾ ಸೈನ್ಯ ನಾಶ ಮಾಡುವವರೆಗೂ ಅದು ರಾಜಧಾನಿಯಾಗಿತ್ತು. ಸಮುದ್ರ ದೂರವಿದ್ದರೂ ನದಿಯೇ ಬಂದರಿನ ದಾರಿ. ಜಿಂಕೆ ಚರ್ಮ, ಬಣ್ಣ ತೆಗೆಯುವ ಸಪ್ಪನ್ ಮರ ರಫ್ತಾಗುತ್ತಿದ್ದವು. ಭಾರತದ ಕೋರಮಂಡಲ ತೀರದಿಂದ ಬಟ್ಟೆ ಆಮದಾಗುತ್ತಿತ್ತು.

ಪರ್ಷಿಯನ್ನರು ಆ ಊರನ್ನು ‘ಶಹರ್-ಎ-ನಾವ್’ ಎನ್ನುತ್ತಿದ್ದರು. ‘ಹೊಸ ನಗರ’ ಎಂದು ಕೆಲವರು, ‘ದೋಣಿಗಳ ನಗರ’ ಎಂದು ಕೆಲವರು ಅರ್ಥ ಹೇಳುತ್ತಾರೆ. ಮನೆಗೆ ಬಂದು ಅಮ್ಮಿಗೆ ಹೇಳಿದೆ. “ನಾವ್ ಅಂದ್ರೆ ದೋಣಿ, ಅದು ನಮ್ಮ ಮಾತೇ ಅಲ್ವಾ?” ಎಂದರು.

17ನೇ ಶತಮಾನದ ಆರಂಭದಲ್ಲಿ ಪರ್ಷಿಯಾದಿಂದ ಬಂದ ವ್ಯಾಪಾರಿ ಶೇಖ್ ಅಹ್ಮದ್ ಅವರಿಗೆ ಅಲ್ಲಿನ ಬೌದ್ಧ ರಾಜ ವಿದೇಶಿ ವ್ಯಾಪಾರದ ಹೊಣೆ ಕೊಟ್ಟನು. ಮುಸ್ಲಿಮರ ಮುಖ್ಯಸ್ಥರಾಗಿ ಅವರು ಪಡೆದ ‘ಚುಲಾರಾಜ್‌ಮಂತ್ರಿ’ ಎಂಬ ಪದವಿ ಥಾಯ್ಲೆಂಡಿನಲ್ಲಿ ಇಂದಿಗೂ ಇದೆ. ಅವರ ವಂಶದ ಒಂದು ಕವಲು ಮುಂದೆ ಬೌದ್ಧವಾಯಿತು, ಇನ್ನೊಂದು ಮುಸ್ಲಿಮಾಗಿಯೇ ಉಳಿಯಿತು.

ಬೇರೆ ಮಾತಿನವನನ್ನು ಆ ಊರು ದೂರ ಇಡಲಿಲ್ಲ. ಆಮೇಲೆ ನೆನಪಾಯಿತು, ಕನ್ನಡದಲ್ಲೂ ದೋಣಿಗೆ ‘ನಾವೆ’ ಎನ್ನುತ್ತಾರೆ! ಮರುದಿನ ಸೆಮಿನಾರಿಗೆ ಹೆಸರು ಕೊಟ್ಟೆ. ವಿಷಯ: ಅಯುತ್ಥಯ.