ಕಾರುಗಳಿಲ್ಲದ ಬೆಳಗು

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನ ಮುಗಿಸಿ ಮಠದ ಕಟ್ಟೆಯ ಮೇಲೆ ಕುಳಿತಿದ್ದಾಗ ತರುಣನೊಬ್ಬನು ನಮ್ಮನ್ನು ಕೇಳಿದನು: “ಗುರುಗಳೇ, ನಾಳೆ ಬೆಳಗಾಗುವಷ್ಟರಲ್ಲಿ ಕಾರುಗಳೆಲ್ಲ ಮಾಯವಾದರೆ ಸಮಾಜದ ಗತಿಯೇನು?” ಸುತ್ತಲಿದ್ದ ಭಕ್ತರು ನಕ್ಕರು. ನಮಗೆ ನಗು ಬರಲಿಲ್ಲ. ಅಂಥ ಬೆಳಗನ್ನು ನಾವು ಆಗಲೇ ಕಂಡಿದ್ದೆವು.

2020ನೆಯ ಇಸವಿಯ ಮಾರ್ಚ್ 25, ಯುಗಾದಿಯ ದಿನ. ಹಿಂದಿನ ರಾತ್ರಿಯ ಘೋಷಣೆಯಂತೆ ಮಹಾಮಾರಿಯ ನಿಮಿತ್ತ ದೇಶವೇ 21 ದಿನಗಳ ಕಾಲ ನಿಂತಿತು. ಬಸ್ಸಿಲ್ಲ, ರೈಲಿಲ್ಲ, ಕಾರುಗಳು ಅಂಗಳದಲ್ಲಿ ಧೂಳು ಹಿಡಿದವು. ಮೂರನೆಯ ವಾರದ ಒಂದು ನಸುಕಿನಲ್ಲಿ, ನಮ್ಮ ಅಕ್ಕನವರು ಲಿಂಗೈಕ್ಯರಾದರೆಂದು ಫೋನು ಬಂದಿತು. ಅವರ ಊರು 14 ಕಿಲೋಮೀಟರು. ನಮ್ಮ ಚಾಲಕನು ತನ್ನ ಹಳ್ಳಿಯಲ್ಲಿ ಸಿಕ್ಕಿಕೊಂಡಿದ್ದನು. ನಮಗೆ ಕಾರು ನಡೆಸಲು ಬಾರದು. ಇಷ್ಟಲಿಂಗಪೂಜೆ ಮುಗಿಸಿ, ಕೋಲು ಹಿಡಿದು ಹೊರಟೆವು.

ಅದು ನಮಗೆ ಹೊಸ ದಾರಿಯಲ್ಲ. ಮಠದ ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ, ರಜೆ ಬಂದೊಡನೆ ಅದೇ ಹೊಲದ ಬದುವಿನ ಮೇಲೆ ಅಕ್ಕನ ಮನೆಗೆ ಓಡುತ್ತಿದ್ದೆವು. ಈಗ ಕಾಲು ಸೋತಿತ್ತು, ಬಿಸಿಲು ಏರಿತ್ತು. ನಡುದಾರಿಯ ತೋಟದ ಮನೆಯ ಮುದುಕಿಯೊಬ್ಬಳು ಮಜ್ಜಿಗೆ ಕೊಟ್ಟು ಹೇಳಿದಳು: “ನಿಮ್ಮ ಕಾರು ಎಷ್ಟೋ ಸಲ ನೋಡೇವ್ರೀ ಅಪ್ಪಾರ. ನಿಮ್ಮನ್ನ ನೋಡಿದ್ದು ಇವತ್ತ.”

ಆ ಮಾತು ಊರು ಮುಟ್ಟುವವರೆಗೂ ನಮ್ಮ ಬೆನ್ನು ಬಿಡಲಿಲ್ಲ. ಕಾರು ಬಂದು ಹನ್ನೆರಡು ವರ್ಷಗಳಾಗಿದ್ದವು. ಪ್ರವಚನಗಳಿಗೆಂದು ಅಕ್ಕನ ಊರಿನ ಅಗಸೆಯ ಮುಂದೆಯೇ ಎಷ್ಟೋ ಸಲ ಹಾಯ್ದುಹೋಗಿದ್ದೆವು; ಇಳಿದದ್ದು ಬೆರಳೆಣಿಕೆಯಷ್ಟು ಸಲ. ‘ಅರ್ಧ ಗಂಟೆಯ ದಾರಿ, ನಾಳೆ ಬಂದರಾಯಿತು’ ಎಂಬುದೇ ನಮ್ಮ ಸಮಾಧಾನ. ಊರು ಹತ್ತಿರವಾದಷ್ಟೂ ಭೇಟಿ ಮುಂದಕ್ಕೆ ಹೋಯಿತು. ಅಂದು ಹತ್ತು ಹದಿನೈದು ಜನರ ನಡುವೆ ಅಕ್ಕನ ಸಮಾಧಿಗೆ ವಿಭೂತಿ ಬಿಲ್ವಪತ್ರೆ ಅರ್ಪಿಸುವಾಗ ಕಣ್ಣೀರಿಗಿಂತ ನಾಚಿಕೆಯೇ ಹೆಚ್ಚಾಗಿತ್ತು.

ಹಾಗೆಂದು ಕಾರನ್ನು ಹಳಿಯುವುದು ನ್ಯಾಯವಲ್ಲ. ನಡಿಗೆಯೆಲ್ಲ ಪುಣ್ಯವೂ ಅಲ್ಲ. ಅದೇ ದಿನಗಳಲ್ಲಿ ದುಡಿಮೆ ತಪ್ಪಿದ ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದರು. ಅದು ಯಾತ್ರೆಯಲ್ಲ, ಯಾತನೆ. ಹೆರಿಗೆಯ ಬೇನೆ ತಿನ್ನುವ ತಾಯಿಗೆ, ಎದೆನೋವಿನ ವೃದ್ಧರಿಗೆ ಬಾಗಿಲಿಗೆ ಬರುವ ವಾಹನವೇ ಪ್ರಾಣ.

ಕಾರುಗಳಷ್ಟೇ ಮಾಯವಾದರೆ ಸಮಾಜವು ಉಳಿದೀತು. ಕಾಳುಕಡಿ ತರುವ ಲಾರಿ, ಹೊಲದ ಟ್ರ್ಯಾಕ್ಟರು, ಬಸ್ಸು, ರೈಲುಗಳಿರುತ್ತವೆ. 1973ರಲ್ಲಿ ಅರಬ ದೇಶಗಳು ಎಣ್ಣೆ ಕೊಡುವುದನ್ನು ತಡೆದಾಗ ಹಾಲೆಂಡ್ ದೇಶವು ನವೆಂಬರ್ 4ರಿಂದ ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ಜನರು ಹೆದ್ದಾರಿಯಲ್ಲಿ ಸೈಕಲ್ ತುಳಿದರು, ಮಕ್ಕಳು ಆಡಿದರು. ಮುಂದಿನ ವರ್ಷಗಳಲ್ಲಿ ಆ ನಾಡು ಸೈಕಲ್ ದಾರಿಗಳ ಜಾಲವನ್ನೇ ಹೆಣೆಯಿತು. ನಮ್ಮಲ್ಲಿಯೂ 2023ರ ಜೂನ್ 11ರಂದು ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭವಾದಾಗ, ತಾಯಂದಿರು ತವರಿಗೂ ದೇವರಿಗೂ ಗುಂಪುಗುಂಪಾಗಿ ಹೊರಟದ್ದನ್ನು ಕಂಡೆವು. ಅವರಿಗೆ ಬೇಕಾಗಿದ್ದುದು ಕಾರಲ್ಲ, ಹೋಗುವ ಅನುಕೂಲ. ಬಸ್ಸುಗಳು ಹೆಚ್ಚಬೇಕು, ಶಾಲೆ, ದವಾಖಾನೆಗಳು ಹತ್ತಿರವಿರಬೇಕು. ಕಾರಿಲ್ಲದ ಬಡವರಿಗೆ ಇವು ಇಂದೇ ಬೇಕಾಗಿವೆ.

ಜಂಗಮವೆಂದರೆ ಚಲಿಸುವುದು. ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಸಾಗಿದಳು. ಇಂದಿಗೂ ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಮಾಡುತ್ತಾರೆ. ದಾರಿಯುದ್ದಕ್ಕೂ ಊರವರು ದಾಸೋಹ ನಡೆಸುತ್ತಾರೆ. ಮನೆಮನೆಗೆ ಭಿಕ್ಷೆಗೆ ನಡೆದು ಬರುವ ಜಂಗಮನಿಗೆ ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ತಿಳಿಯುತ್ತಿತ್ತು. ಗಾಜು ಏರಿಸಿ ಹೋಗುವ ನಮಗೆ ತಿಳಿಯಲಿಲ್ಲ.

ಆ ತರುಣನಿಗೆ ಇಷ್ಟನ್ನು ಹೇಳಿದೆವು. ಕಾರನ್ನು ನಾವು ಮಾರಲಿಲ್ಲ. ರಾತ್ರಿ ಅಪರಾತ್ರಿಯಲ್ಲಿ ಓಣಿಯ ರೋಗಿಗಳಿಗೆ ಅದೇ ಮೊದಲು ಹೊರಡುತ್ತದೆ. ಚಾಲಕನ ಫೋನ್ ಸಂಖ್ಯೆ ಎಲ್ಲ ಮನೆಗಳಲ್ಲಿದೆ. ಪ್ರತಿ ಅಮಾವಾಸ್ಯೆಗೆ ನಾವು ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತೇವೆ. ಅಳಿಯಂದಿರು, ಮೊಮ್ಮಕ್ಕಳು ಅಗಸೆಯವರೆಗೂ ಎದುರು ಬರುತ್ತಾರೆ. ಅಕ್ಕನಿಲ್ಲ.

ಶರಣಬಂಧುಗಳೇ, ನಿಮ್ಮ ಕಾರು ನಿತ್ಯ ಹಾಯ್ದುಹೋಗುವ ದಾರಿಯಲ್ಲಿ ನಿಮಗಾಗಿ ಕಾಯುವ ಮನೆಯೊಂದು ಇದ್ದೀತು. ಇಂದು ಅಲ್ಲಿ ಇಳಿಯಿರಿ.